ಎಡಕ್ಕೆ ಬೀಳುವ ಗುಂಡು

ಬರೆದಿಟ್ಟರಾದರೂ ಹಗುರಾಗಬಹುದೇನೋ. ನಿನ್ನೆ ಅಪ್ಪ ಪೇಟೆಗೆ ಹೋಗಿದ್ದಾಗ ಅವನ ಬಂದೂಕಿನಿಂದ ನಾನು ಮೂರು ಗುಂಡು ಹಾರಿಸಿದೆ. ಮೂರೂ ಗುರಿಯ ನಟ್ಟನಡುವಿನ ಕಪ್ಪಿಗೆ ಬಿದ್ದವು. ಖುಷಿಯಾಗಲಿಲ್ಲ, ಭಯವೂ ಆಗಲಿಲ್ಲ. ಗುರಿಯ ಕಾಗದವನ್ನು ಒಲೆಗೆ ಹಾಕಿ ಆಲೂಗೆಡ್ಡೆ ಸುಲಿಯುತ್ತ ಕೂತೆ. ಬರ್ನ್‌ನಲ್ಲಿ ಓದು ಮುಗಿಸಿ ಮನೆಗೆ ಬಂದಾಗಿನಿಂದ ಹೀಗೇ ಇದ್ದೇನೆ, ಕಿವಿಗೆ ಹತ್ತಿ ತುರುಕಿಕೊಂಡವಳ ಹಾಗೆ.

ಅಪ್ಪ ಕೂಡಿಡುವುದು ಒಳನಳಿಗೆಗಳನ್ನು. ಮನೆಯಲ್ಲೇ ಇಟ್ಟುಕೊಳ್ಳಲು ಸೈನ್ಯ ಕೊಡುವ ಬಂದೂಕಿನ ನಳಿಗೆಯೊಳಗೆ ತೂರಿಸುವ ಸಪೂರ ನಳಿಗೆ ಅದು. ಮೆಣಸಿನ ಕಾಳಿನಷ್ಟು ಸೀಸದ ಗುಂಡು, ಕಡ್ಡಿ ಮುರಿದಷ್ಟು ಸದ್ದು. ಹಿಮ ಬಿದ್ದು ಬಯಲಿಗೆ ಹೋಗಲಾಗದ ದಿನಗಳಲ್ಲಿ ನಮ್ಮ ಕಣಿವೆಯ ಗಂಡಸರು ಮನೆಯ ಓಣಿಯಂಥ ನಡುಮನೆಯಲ್ಲೇ ಕೈ ಪಳಗಿಸಿಕೊಳ್ಳುತ್ತಿದ್ದರು. ಅಪ್ಪನ ಬಳಿ ಒಂದು ಬೀರು ತುಂಬ ಇವೆ. ಎಲ್ಲಕ್ಕಿಂತ ಮೊದಲಿನದು ಅಜ್ಜನದು. ಮರದ ಪೆಟ್ಟಿಗೆ, ಕೀಲಿ, ಒರೆಸುವ ಕೋಲು, ಎಲ್ಲದರ ಮೇಲೂ ಒಂದೇ ಸಂಖ್ಯೆ. ಈ ಚಳಿಗಾಲ ಅದು ಎಡಕ್ಕೆ ಹೊಡೆಯುತ್ತಿದೆ ಎಂದು ಅಪ್ಪ ಹೇಳತೊಡಗಿದ. ಆಮೇಲೆ ಉಳಿದವೂ ಎಡಕ್ಕೇ. ನಳಿಗೆಗಳಿಗೂ ವಯಸ್ಸಾಗುತ್ತದೆ ಎಂದ. ಮೊನ್ನೆ ಕಾಫಿಯನ್ನು ಬಟ್ಟಲಿನ ಪಕ್ಕಕ್ಕೆ ಸುರಿದು ಬಟ್ಟಲಿಗೇ ಬೈದ.

ಇಂದು ಬೆಂಡಿಖ್ಟ್ ಮಾಮ ಬಂದಿದ್ದ. ಅವನೂ ಇದೇ ಹುಚ್ಚಿನವನು, ಅಜ್ಜನ ನಳಿಗೆಯ ಮೇಲೆ ಎಷ್ಟೋ ವರ್ಷಗಳಿಂದ ಕಣ್ಣಿಟ್ಟವನು. ನಳಿಗೆಯನ್ನು ಇನ್ನೊಬ್ಬರಿಗೆ ಕೊಡುವ ಮುನ್ನ ಒಡೆಯನೇ ಹೊಡೆದು ತೋರಿಸಬೇಕೆಂಬುದು ಇವರಲ್ಲಿ ಕ್ರಮ. ನಾನು ಅಡುಗೆಮನೆಯ ಗೋಡೆಯ ಮರೆಯಲ್ಲಿ ಕೂತು, ಗುಂಡು ಬಿದ್ದ ಜಾಗವನ್ನು ಕೋಲಿನ ತುದಿಯ ಬಿಲ್ಲೆಯಿಂದ ತೋರಿಸುವವಳು. ತೋರಿಸುವವರು ಮಾತಾಡಬಾರದು. ನನಗೆ ಹೇಳಿ ಮಾಡಿಸಿದ ಕೆಲಸ.

ಮೊದಲನೆಯದು ಎಡಕ್ಕೆ. ತೋರಿಸಿದೆ. ಎರಡನೆಯದು ಇನ್ನೂ ಎಡಕ್ಕೆ. ಮೂರನೆಯದು ಮರದ ಚೌಕಟ್ಟಿಗೆ ಬಡಿಯಿತು.

"ಏನಯ್ಯಾ ಕ್ರಿಸ್ಟೆನ್, ಇನ್ನೊಂಚೂರು ಎಡಕ್ಕೆ ಹೋದ್ರೆ ನಿಮ್ಮನೆ ಬೆಕ್ಕಿನ ಕಥೆ ಮುಗೀತು," ಎಂದ ಮಾಮ.

"ನಳಿಗೆ ಸತ್ತಿದೆ ಕಣೋ. ತಗೊಂಡ್ಹೋಗಿ ಗೋಡೆಗೆ ನೇತುಹಾಕ್ಕೋ."

ಬದಲಿಗೆ ಬಂಡಿಚಕ್ರದಂಥ ಚೀಸ್ ಗಟ್ಟಿಯಲ್ಲಿ ಅರ್ಧ ಕೊಡುತ್ತೇನೆಂದು ಮಾಮ ಹೇಳಿದ. ಅಪ್ಪ ಚೌಕಾಸಿಯನ್ನೂ ಮಾಡಲಿಲ್ಲ. ವಸಂತದೊಳಗೆ ಬೀರುವನ್ನೇ ಖಾಲಿ ಮಾಡುತ್ತೇನೆ, ಬಂದೂಕನ್ನೂ ಸೈನ್ಯಕ್ಕೆ ಹಿಂತಿರುಗಿಸುತ್ತೇನೆ, ಕೆಟ್ಟ ಸಾಮಾನು ಇಟ್ಟುಕೊಂಡು ಏನು ಮಾಡಲಿ ಎಂದ. ಹವಾಮಾನದ ಬಗ್ಗೆ ಹೇಳುವಂತೆ ಹೇಳಿದ. ನಾನು ಕೋಲು ಹಿಡಿದು ಮರೆಯಿಂದ ಈಚೆ ಬರುವಾಗ ಅವನು ನಳಿಗೆಯನ್ನು ಒರೆಸಿ, ಪೆಟ್ಟಿಗೆಯ ಮುಚ್ಚಳಕ್ಕಾಗಿ ಕೈ ಚಾಚಿದ. ಕೈ ಬರೀ ಮೇಜನ್ನು ಸವರಿತು. ಮುಚ್ಚಳ ಆ ಕೈಯ ಬಲಕ್ಕೇ ಇತ್ತು.

ಮಾಮ ಅದನ್ನು ನೋಡಿದ. ನನ್ನ ಮುಖ ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿ, ರಸ್ತೆಯಲ್ಲಿ ಹಿಮ ತೆಗೆದಿದ್ದಾರೋ ಇಲ್ಲವೋ ಎಂದು ತನ್ನಷ್ಟಕ್ಕೇ ಗೊಣಗುತ್ತ ಪೆಟ್ಟಿಗೆಗೆ ಕೈ ಹಾಕಿದ.

ನಾನಿನ್ನೂ ಕೋಲು ಹಿಡಿದೇ ನಿಂತಿದ್ದೆ. ಅದನ್ನು ಗೋಡೆಗೆ ಒರಗಿಸಿದೆ. ಹೇಳಿಯೇಬಿಟ್ಟೆ.

"ಅಪ್ಪ, ನಳಿಗೆ ಸರಿಯಾಗಿದೆ. ನಿನ್ನೆ ನಾನು ಇದ್ರಲ್ಲೇ ಹೊಡ್ದೆ, ಮೂರೂ ನಡುವಿಗೇ ಬಿದ್ವು. ನಿಂಗೆ ಕಣ್ಣು ಕಾಣ್ತಿಲ್ಲ."