ಲೆಕ್ಕ ತುಂಬಿಸಲು ಬಂದವಳು

ಡಲ್ಲಾಸಿನ ಪಕ್ಕದ ಕ್ಯಾರಲ್ಟನ್ನಿನ ಮನೆಯ ಹಾಲಿನಲ್ಲಿ ಟೀವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ತುಳಸಿ ತನ್ನ ಭಾಷಣ ಒಪ್ಪಿಸುತ್ತಿದ್ದಳು. ಹ್ಯೂಸ್ಟನ್ನಿನಲ್ಲಿ ಪಿಎಚ್‌ಡಿ ಮುಗಿಸಿದ ಹುಡುಗಿ. ಡಲ್ಲಾಸಿನ ಒಂದು ವಿಶ್ವವಿದ್ಯಾಲಯದವರು ಪಿಎಚ್‌ಡಿ ನಂತರದ ಸಂಶೋಧನೆಯ ಪೋಸ್ಟ್‌ಡಾಕ್ ಹುದ್ದೆ ಖಾಲಿಯಿದೆಯೆಂದು ಅವಳನ್ನು ಅಂದೇ ಇಂಟರ್‌ವ್ಯೂಗೆ ಕರೆದಿದ್ದರು. ಆ ಹುದ್ದೆಯಿದ್ದ ಲ್ಯಾಬಿನಲ್ಲೇ ಕೆಲಸ ಮಾಡುತ್ತಿದ್ದ ನಿಶ್ಚಲ್, ನಮ್ಮ ಕಡೆಯ ಹುಡುಗಿ ಹೋಟೆಲಿನಲ್ಲೇಕೆ ಇರಬೇಕೆಂದು, ಹಿಂದಿನ ಸಂಜೆ ಮನೆಗೇ ಕರೆತಂದಿದ್ದ. ಅವನ ಹೆಂಡತಿ ಅನುಸೂಯಾ ಉಪ್ಪಿಟ್ಟಿನ ತಟ್ಟೆ ಹಿಡಿದೇ ಕೇಳುತ್ತಿದ್ದಳು. ನೀರಿಲ್ಲದಿದ್ದರೂ ಬಾಡದ ಜೋಳದ ಬೇರಿನ ಬಗ್ಗೆ ಏನೇನೋ ಚಿತ್ರಗಳು. ಅರ್ಧ ಅರ್ಥವಾಗದಿದ್ದರೂ ಹುಡುಗಿ ಕೆಲಸ ಬಲ್ಲವಳು ಅನ್ನುವುದಂತೂ ತಿಳಿಯಿತು.

"ಈ ಕೆಲಸ ನಿಂಗೇ ಕಣೇ," ಎಂದಳು.

"ನಿಮ್ ಬಾಯಿಹರಕೆಯಿಂದ ಹಾಗೇ ಆಗ್ಲಿ ಅಕ್ಕ. ಇದನ್ನೇ ನಂಬ್ಕೊಂಡು ಆಸ್ಟಿನ್ ಇಂಟರ್‌ವ್ಯೂ ಬಿಡ್ತಾ ಇದೀನಿ. ಅದೂ ಇವತ್ತೇ ಮಧ್ಯಾಹ್ನ. ಬೇರೆ ದಿನ ಕೊಡಲ್ಲ ಅಂದ್ರು. ಬರಲ್ಲ ಅಂತ ಈಗ ಫೋನ್ ಮಾಡ್ಬೇಕು."

ಅನುಸೂಯಾ ಸಂಭ್ರಮದಿಂದ ಅಡುಗೆಮನೆಗೆ ಬಂದರೆ ನಿಶ್ಚಲ್ ಕಾಫಿ ಲೋಟ ನೋಡುತ್ತ ನಿಂತಿದ್ದ.

"ಸುಮ್ನೆ ಅವಳಿಗೆ ಆಸೆ ಹುಟ್ಟಿಸ್ಬೇಡ," ಎಂದ ಮೆಲ್ಲಗೆ. "ಆ ಪೋಸ್ಟು ನಂದೇ. ಪ್ರೊಫೆಸರ್ ಆಗ್ಲೇ ಮಾತು ಕೊಟ್ಟಾಗಿದೆ. ಹೊರಗಿನೋರು ಒಬ್ರನ್ನಾದ್ರೂ ಇಂಟರ್‌ವ್ಯೂ ಮಾಡ್ಬೇಕು ಅಂತ ರೂಲ್ಸು. ಅದಕ್ಕೆ ಕರೆದಿರೋದು."

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಎಲ್ಲಾ ಕಡೆ ಹೀಗೇ ನಡೆಯೋದು, ಅನು."

ಅನುಸೂಯಾಳಿಗೆ ಮೈಯೆಲ್ಲ ಉರಿದುಹೋಯಿತು. ಎಲ್ಲಾ ಕಡೆ ಹೀಗೇ ಅಂತೆ! ಗೊತ್ತಿದ್ದೂ ಗೊತ್ತಿದ್ದೂ ಮನೆಗೆ ಕರೆತಂದು, ಚೆನ್ನಾಗಿ ಪ್ರಿಪೇರ್ ಆಗಮ್ಮ ಅಂತ ಬೇರೆ ಹೇಳಿದ್ದನಲ್ಲ ಈ ಮಹಾನುಭಾವ! ಕಷ್ಟಪಟ್ಟು ಓದಿದ ಹುಡುಗಿಯನ್ನು ಲೆಕ್ಕ ತುಂಬಿಸಲು ಕರೆಸುವ ದೊಡ್ಡ ಮನುಷ್ಯರಿಗೆ ನಾಚಿಕೆಯಾದರೂ ಬೇಡವೆ? ಆದರೆ ಗಂಡಹೆಂಡಿರಿಬ್ಬರ ವೀಸಾ ನಿಂತಿದ್ದೂ ನಿಶ್ಚಲನ ಕೆಲಸದ ಮೇಲೆಯೇ. ಅವನ ಈಗಿನ ಅವಧಿ ಮುಗಿಯುತ್ತ ಬಂದಿತ್ತು. ಬಾಯಿ ಬಿಟ್ಟರೆ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ ಎಂಬುದು ಅವಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಹಾಲಿನಿಂದ ತುಳಸಿ ಫೋನಿನಲ್ಲಿ ತನ್ನ ಹೆಸರು ಹೇಳುವುದು ಕೇಳಿಸಿತು. ಅನುಸೂಯಾ ಓಡಿಹೋಗಿ ಫೋನ್ ಕಸಿದು ಕಟ್ ಮಾಡಿದಳು.

"ಬರ್ತೀನಿ ಅನ್ನು ಅವ್ರಿಗೆ. ಇಲ್ಲಿ ಕೆಲ್ಸಾನೇ ಇಲ್ಲ. ಇವನಿಗೆ ಕೊಟ್ಟಾಗಿದೆ. ನಿನ್ನ ಕರೆಸಿರೋದು ಬರೀ ನಾಟಕಕ್ಕೆ."

ತುಳಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ನಿಶ್ಚಲನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿ ಕಾಫಿ ಲೋಟದತ್ತ ನೋಡಿದ.

"ಅಣ್ಣ ಅಂತ ಕರೆದಿದ್ನಲ್ಲ ನಿಮ್ಮನ್ನ," ಎಂದಷ್ಟೇ ಹೇಳಿ ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿದಳು.

ಅನುಸೂಯಾ ಚಪ್ಪಲಿ ಮೆಟ್ಟಿ ಕಾರಿನ ಕೀ ತೆಗೆದುಕೊಂಡಳು. ಆಸ್ಟಿನ್ನಿಗೆ ಮೂರೂವರೆ ಗಂಟೆಯ ದಾರಿ, ಈಗ ಹೊರಟರೆ ಸಿಕ್ಕುತ್ತದೆ.

ಅರ್ಧ ದಾರಿಯಲ್ಲಿ ವೇಕೋ ಊರು ದಾಟುವಾಗ ನಿಶ್ಚಲನ ಫೋನ್ ಬಂತು. ಕಾರಿನ ಸ್ಪೀಕರಿನಲ್ಲಿ ಅವನ ದನಿ ಅಳುವಂತಿತ್ತು.

"ಏನ್ ಮಾಡ್ಬಿಟ್ಟೆ ಅನು! ಅವಳು ಬರ್ಲಿಲ್ಲ ಅಂದ್ರೆ ನನ್ನ ತಗೊಳ್ಳೋಕೂ ಆಗಲ್ವಂತೆ. ಹೊಸದಾಗಿ ಜಾಹೀರಾತು ಕೊಡ್ತಾರಂತೆ. ನಾನೀಗ ಏನ್ ಮಾಡ್ಲಿ?"

ಪಕ್ಕದಲ್ಲಿ ಕೂತಿದ್ದ ತುಳಸಿ ಅನುಸೂಯಾಳತ್ತ ತಿರುಗಿದಳು. ಕಾರು ಮಾತ್ರ ನಿಲ್ಲಲಿಲ್ಲ.

"ಅರ್ಜಿ ಹಾಕು," ಎಂದಳು ಅನುಸೂಯಾ. "ಎಲ್ಲರ ಹಾಗೆ."