ಸೊನ್ನೆ ರೋಗಿಗಳ ಊರು

ಹಲಗೂರಿನಿಂದ ಆರು ಕಿಲೋಮೀಟರ್ ಒಳಗಿರುವ ಗುಂಡುಕಲ್ದೊಡ್ಡಿಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ, ಬಿಪಿಯೂ ಇರಲಿಲ್ಲ. ಸುಳ್ಳಲ್ಲ, ಕಾಗದದಲ್ಲಿ ಹಾಗೇ ಇತ್ತು. ಪಂಚಾಯಿತಿ ಸದಸ್ಯ ಪುಟ್ಟರಾಜು ಆ ಕಾಗದಕ್ಕೆ ಗಾಜು ಹಾಕಿಸಿ, ‘ಆರೋಗ್ಯವಂತ ಗ್ರಾಮ’ ಎಂದು ಮೇಲೆ ಬರೆಸಿ, ಹಾಲಿನ ಡೈರಿಯ ಗೋಡೆಗೆ ನೇತುಹಾಕಿಸಿದ್ದ.

ಆಶಾ ಕಾರ್ಯಕರ್ತೆ ಪಟ್ಟಲಮ್ಮನಿಗೆ ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಅಳೆಸಿಕೊಂಡರೆ ತಾನೇ ಕಾಯಿಲೆ ಕಾಣುವುದು! ಅವಳು ಸಕ್ಕರೆ, ಬಿಪಿ ಅಳೆಯುವ ಮಿಷನ್ನಿನ ಚೀಲ ಹೆಗಲಿಗೇರಿಸಿ ಬೀದಿಗಿಳಿದರೆ ಗಂಡಸರು ಗದ್ದೆಗೆ, ಹೆಂಗಸರು ಕೊಟ್ಟಿಗೆಗೆ. ಸಿಕ್ಕಿಬಿದ್ದವರು, “ನಾವು ಮುದ್ದೆ ತಿನ್ನೋ ಜನ ಕಣಮ್ಮ, ನಮಗ್ಯಾವ ಸುಗ್ರು?” ಎನ್ನುತ್ತಿದ್ದರು. ಮುದ್ದೆಯ ಜೊತೆಗೆ ದಿನಕ್ಕೆ ಆರು ಲೋಟ ಪಾಯಸದಂಥ ಕಾಫಿ ಇಳಿಯುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಡಾಕ್ಟರು, ಮಾತ್ರೆ ಎಲ್ಲವನ್ನೂ ಹೊತ್ತ ವ್ಯಾನೊಂದು ತಿಂಗಳಿಗೊಮ್ಮೆ ಊರೂರು ಸುತ್ತುತ್ತಿತ್ತು. ಸಕ್ಕರೆಯೋ ಬಿಪಿಯೋ ಇರುವ ಮೂವತ್ತು ರೋಗಿಗಳಿದ್ದರೆ ಆ ಊರಿಗೆ ವ್ಯಾನು, ಇಲ್ಲದಿದ್ದರೆ ಇಲ್ಲ. ಈ ತಿಂಗಳೊಳಗೆ ಪಟ್ಟಿ ಕೊಡದಿದ್ದರೆ ಇನ್ನೊಂದು ವರ್ಷ ಕೇಳಲೇಬೇಡ ಎಂದು ಮೇಲಿನವರು ಪಟ್ಟಲಮ್ಮನಿಗೆ ಹೇಳಿಬಿಟ್ಟಿದ್ದರು. ಊರಿಗಿದ್ದುದು ಎರಡೇ ಬಸ್ಸು. ಬೆಳಗಿನದು ತಪ್ಪಿದರೆ ಮಳವಳ್ಳಿ ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಮುಗಿದಿರುತ್ತಿತ್ತು. ಆ ವರ್ಷ ಇಬ್ಬರು ಎದೆ ಹಿಡಿದುಕೊಂಡು ಕುಸಿದವರು ಮಳವಳ್ಳಿ ತಲುಪುವ ಮೊದಲೇ ಹೋಗಿದ್ದರು. ಗಾಳಿ ಸೋಕಿತ್ತು ಎಂದು ಊರು ಮಾತು ಮುಗಿಸಿತ್ತು. ಇನ್ನೊಂದು ಹೆಣ ನೋಡಲಾರೆ ಎಂದು ಪಟ್ಟಲಮ್ಮ ಒಬ್ಬಳೇ ಕೂತು ಅತ್ತಿದ್ದಳು.

ಅಷ್ಟರಲ್ಲಿ ಪುಟ್ಟರಾಜುವಿನ ಮಗಳು ದೀಪಿಕಳ ಮದುವೆಯಾಗಿ, ಬೀಗರೂಟ ಬಂತು. ಗಂಡಿನವರು ಮದ್ದೂರು ಕಡೆಯ ಬೆಸಗರಹಳ್ಳಿಯವರು.

“ಊಟಕ್ ಬಾ ಕಣವ್ವ, ನಿನ್ ಮಿಸೀನು ಮಾತ್ರ ತರಬ್ಯಾಡ. ಬೀಗ್ರ ಮುಂದೆ ಊರ ಮಾನ ಕಳೀಬ್ಯಾಡ,” ಎಂದ ಪುಟ್ಟರಾಜು.

ಪಟ್ಟಲಮ್ಮ ತಲೆಯಾಡಿಸಿದಳು, ಚೀಲವನ್ನು ತಂದೇ ತಂದಳು.

ಶಾಮಿಯಾನದಡಿ ಮೊದಲ ಪಂಕ್ತಿಗೆ ಬೀಗರು ಕೂತರು. ಬಿಸಿಮುದ್ದೆ ಬಿತ್ತು, ಬೋಟಿಗೊಜ್ಜು ಬಿತ್ತು. ಯಾರೂ ಕೈ ಹಾಕಲಿಲ್ಲ. ವರನ ತಂದೆ ದೇವರಾಜು ಜೇಬಿನಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದ. ಪಕ್ಕದವನೂ ತೆಗೆದ. ಬೀಗಿತಿ ಎಲೆಅಡಿಕೆ ಚೀಲದಿಂದ ತೆಗೆದಳು. ಸಾಲಿನುದ್ದಕ್ಕೂ ಚಟ್ ಚಟ್ ಎಂದು ಮಾತ್ರೆ ಬಿಚ್ಚುವ ಸದ್ದು.

ಪುಟ್ಟರಾಜು ಗಾಬರಿಯಾದ. “ಯಾಕ್ ಬೀಗ್ರೆ, ಸಾರಲ್ಲಿ ಏನಾರ ಬಿತ್ತಾ?”

“ಸುಗ್ರು ಮಾತ್ರೆ ಕಣ್ರೀ, ಊಟಕ್ ಮುಂಚೆ ನುಂಗ್ಬೇಕು. ನಮ್ಮೂರ್ಗೆ ವ್ಯಾನು ಬತ್ತದೆ, ಡಾಕ್ಟ್ರು ಎಸ್ರು ಇಡ್ದು ಕರ್ದು ಕೊಡ್ತಾರೆ. ನಲವತ್ತಾರು ಜನ ಇದ್ದೀವಿ. ನಿಮ್ಮೂರಲ್ಲೆಷ್ಟು?”

“ಒಬ್ರೂ ಇಲ್ಲ,” ಎಂದು ಪುಟ್ಟರಾಜು ಎದೆಯುಬ್ಬಿಸಿದ.

“ಒಬ್ರೂ ಇಲ್ವಾ? ಅಂಗಾರೆ ವ್ಯಾನೂ ಬರಕಿಲ್ಲ ಅನ್ನಿ. ಪಾಪ! ಡಾಕ್ಟ್ರು ಮಖ ಕಾಣದ ಊರಿಂದ ಎಣ್ಣು ತಂದಂಗಾಯ್ತು.”

ಪಂಕ್ತಿಯೆಲ್ಲ ನಕ್ಕಿತು. ಮಂಡ್ಯ ಸೀಮೆಯಲ್ಲಿ ಬೈಗುಳವನ್ನು ಸಹಿಸಬಹುದು, ಬೀಗರ ಬಾಯಿಂದ ಬಂದ ‘ಪಾಪ’ವನ್ನು ಸಹಿಸಲಾಗದು. ಪುಟ್ಟರಾಜುವಿನ ಚಿಕ್ಕಮ್ಮ ಬೆಟ್ಟಮ್ಮ ಕಂಬ ಹಿಡಿದು ಎದ್ದಳು.

“ಯಾಕ್ಲಾ ಒಬ್ರೂ ಇಲ್ಲ? ಆರ್ ತಿಂಗ್ಳಿಂದ ನನ್ ಕಾಲಿಂದ ಚಪ್ಲಿ ಕಳಚ್ಕೊಂಡ್ರೂ ಗೊತ್ತಾಗಕಿಲ್ಲ. ಏಯ್ ಪಟ್ಟಲಮ್ಮ, ತಕ್ಕಬಾ ನಿನ್ ಮಿಸೀನ!”

ಬೆರಳು ಚುಚ್ಚಿದ್ದಾಯಿತು. ಇನ್ನೂರ ಅರವತ್ತೆಂಟು.

“ಕೇಳುಸ್ತಾ ಬೀಗ್ರೆ?” ಎಂದಳು ಬೆಟ್ಟಮ್ಮ, ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆ ಬಂದವಳ ಹಾಗೆ.

ಆಮೇಲೆ ಕೇಳಬೇಕೇ? ಎರಡನೆಯ ಪಂಕ್ತಿಗೆ ಕಾಯುತ್ತಿದ್ದ ಊರು ಪಟ್ಟಲಮ್ಮನ ಮುಂದೆ ಸಾಲು ನಿಂತಿತು. ಗದ್ದೆಗೆ ಓಡುತ್ತಿದ್ದ ಗಂಡಸರು ನಾ ಮುಂದು ತಾ ಮುಂದು ಎಂದು ಅಂಗಿಯ ತೋಳು ಮಡಚಿದರು. ಕಾಯಿಲೆ ಇಲ್ಲದವರು ಮುಖ ಸಪ್ಪಗೆ ಮಾಡಿಕೊಂಡರು. “ನೀನ್ ಸರ್ಯಾಗ್ ಚುಚ್ಚಿಲ್ಲ ಕಣಮ್ಮ, ಇನ್ನೊಂದ್ಸಾರಿ ನೋಡು,” ಎಂದು ಚಿಕ್ಕಮಾದು ಹಟ ಹಿಡಿದ. ಪಟ್ಟಲಮ್ಮ ಅವನ ಹೆಸರು ಬರೆಯಲಿಲ್ಲ. ಇಲ್ಲದ ರೋಗವನ್ನು ಬರೆದು ವ್ಯಾನು ತರಿಸುವ ಹೆಂಗಸಲ್ಲ ಅವಳು. ಮೂರನೆಯ ಪಂಕ್ತಿ ಏಳುವ ಹೊತ್ತಿಗೆ ಪುಸ್ತಕದಲ್ಲಿ ಇಪ್ಪತ್ತೊಂಬತ್ತು ಹೆಸರಾಗಿದ್ದವು.

“ಇನ್ನೊಬ್ರು ಬೇಕು,” ಎಂದಳು. ಎಲ್ಲರೂ ಪುಟ್ಟರಾಜುವಿನ ಕಡೆ ನೋಡಿದರು.

“ನಂಗೇನಾಗದೆ? ಕಲ್ಲಿದ್ದಂಗಿವ್ನಿ,” ಎನ್ನುತ್ತ ಸಾರಿನ ಬಕೆಟ್ಟು ಹಿಡಿದು ಜಾರಿಕೊಳ್ಳಲು ನೋಡಿದ. ದೇವರಾಜು ಬಿಡಲಿಲ್ಲ. “ಬನ್ನಿ ಬೀಗ್ರೆ, ನಮ್ಮನ್ನ ಮೀರ್ಸಿ ನೋಡವ.”

ಪುಟ್ಟರಾಜು ಕುರ್ಚಿಯಲ್ಲಿ ಕೂತ. ಸಕ್ಕರೆ ಸರಿಯಾಗಿತ್ತು. ಪಟ್ಟಲಮ್ಮ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಸಂಖ್ಯೆ ನೋಡಿ ಬಿಚ್ಚಿ, ಐದು ನಿಮಿಷ ಸುಮ್ಮನೆ ಕೂರಿಸಿ, ಮತ್ತೆ ಸುತ್ತಿದಳು. ಅವಳು ಮಿಷನ್ನನ್ನು ತನ್ನ ಕಡೆ ತಿರುಗಿಸಿಕೊಂಡಳು. ಪುಟ್ಟರಾಜು ತಾನೇ ಬಗ್ಗಿ ಓದಿಕೊಂಡು, ಎದ್ದು ನಿಂತು ಕೂಗಿದ: “ಇನ್ನೂರ ಅತ್ತು! ಅದಾ ನಿಮ್ಮೂರಲ್ಲಿ ಯಾರ್ಗಾರ?”

ಊರಿನವರು ಶಿಳ್ಳೆ ಹೊಡೆದರು. ದೇವರಾಜು ನಗಲಿಲ್ಲ. ವರ್ಷಗಟ್ಟಲೆ ಡಾಕ್ಟರ ಮಾತು ಕೇಳಿಸಿಕೊಂಡವನಿಗೆ ಆ ಸಂಖ್ಯೆ ಏನೆಂದು ಗೊತ್ತಿತ್ತು. “ಕೂತ್ಕಳಿ ಬೀಗ್ರೆ,” ಎಂದು ಮೆಲ್ಲಗೆ ಹೇಳಿ, ಕೈಯಲ್ಲಿದ್ದ ಎಲೆಅಡಿಕೆ ಕೆಳಗಿಟ್ಟು ಕಾರಿನ ಕೀ ತೆಗೆದ. “ಯಾಕ್ಲಾ, ತಲೆನೋವು ಬರಕಿಲ್ವಾ ನಿಂಗೆ?” ಎಂದಳು ಬೆಟ್ಟಮ್ಮ. “ದಿನಾ ಬತ್ತದೆ,” ಎಂದ ಪುಟ್ಟರಾಜು. ಶಿಳ್ಳೆ ನಿಂತಿತು.

ಕಾರಿನ ಬಾಗಿಲು ಹಾಕುವ ಮೊದಲು ಅವನು ಪಟ್ಟಲಮ್ಮನನ್ನು ಕರೆದ. “ನೀನೂ ಬಾ ಕಣವ್ವ. ನಂಗೆ ಭಯ ಆಯ್ತದೆ.”

ಅವಳು ಹತ್ತಿ ಪಕ್ಕದಲ್ಲಿ ಕೂತಳು. ಮೂವತ್ತನೆಯ ಹೆಸರನ್ನು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದಳು. ಬಲಗೈಯನ್ನು ಪುಟ್ಟರಾಜು ಮಳವಳ್ಳಿ ಬರುವವರೆಗೂ ಬಿಡಲಿಲ್ಲ.