ಎಡಗಡೆಯ ಪಟ್ಟಿ

ರತ್ನವ್ವ ಕುಂಚವನ್ನು ಮಸಿಯಲ್ಲಿ ಅದ್ದಿ ಎತ್ತಿದಳು. ಬರೆಯದೆ ಮತ್ತೆ ಬಟ್ಟಲಿಗೇ ಇಳಿಬಿಟ್ಟಳು. ಪರದೇಶದ ಫೆಲ್ಥಮ್ ಊರಿನ ಆ ಸಭಾಂಗಣದಲ್ಲಿ, ಅವಳಿಗೆ ಚೀನೀ ಬರಹ ಕಲಿಸಿದ ಲಿನ್ ಮಾಸ್ತರರ ಶವಪೆಟ್ಟಿಗೆ ಮುಚ್ಚಲು ಇನ್ನು ಸ್ವಲ್ಪವೇ ಹೊತ್ತಿತ್ತು. ಅವಳು ತಂದಿದ್ದ ಬಿಳಿ ಹೂಚಕ್ರದಿಂದ ಎರಡು ರೇಷ್ಮೆ ಪಟ್ಟಿಗಳು ಇಳಿಬಿದ್ದಿದ್ದವು. ಬಲಗಡೆಯದರಲ್ಲಿ ತೀರಿಹೋದವರ ಹೆಸರು. ಎಡಗಡೆಯದರಲ್ಲಿ ಅರ್ಪಿಸುವವರ ಹೆಸರು, ಅದರ ಮೇಲೆ ಅವರು ಸತ್ತವರಿಗೆ ಏನಾಗಬೇಕು ಎಂಬ ಒಂದು ಪದ. ಆ ಪದದ ಮುಂದೆ ಅವಳ ಕೈ ತಡೆದಿತ್ತು.

"ಎಷ್ಟೊತ್ತ ವಿಚಾರ ಮಾಡ್ತಿ? ಶಿಷ್ಯಾ ಅಂತ ಬರದ ಒಗಿ," ಅಂದ ಗಂಡ ಜಗದೇವಪ್ಪ.

"ಇವ್ರ ಭಾಷಾದಾಗ ಅದಕ್ಕ ಬ್ಯಾರೆ ಬ್ಯಾರೆ ಪದ ಅದಾವ್ರೀ. ಕ್ಲಾಸಿಗೆ ಬಂದವರೆಲ್ಲಾ ಶ್ವೇಶಂಗ್. ಗುರು ತಾನಾಗಿ ಒಪ್ಕೊಂಡವರಷ್ಟ ದಿಜ಼ಿ. ಅವರು ಮಕ್ಕಳ ಸಮ. ಪೆಟ್ಟಿಗಿ ಹಿಂದ ಮನಿಯವರ ಜೋಡಿ ನಡೀತಾರ."

"ಮತ್ತ ನೀ ಯಾವಾಕಿ?"

"ಅದ ಗೊತ್ತಿಲ್ಲಲ್ರೀ."

"ಇಷ್ಟ ವರ್ಷ ಹೋಗಿ ಅದೊಂದ ಕೇಳ್ಲಿಲ್ಲ? ಮನ್ಯಾಗ ನನಗ ದಿನಾ ನೂರು ಕೇಳ್ತಿ!"

* * *

ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಅವಳದೂ ಲಿನ್ ಮಾಸ್ತರರದೂ ಒಂದೇ ಪಾಳಿಯಾಗಿತ್ತು. ಅವಳು ಪ್ರಯಾಣಿಕರ ಊಟದ ಟ್ರೇ ಜೋಡಿಸುತ್ತಿದ್ದಳು. ಲಿನ್ ಪಾತ್ರೆ ತೊಳೆಯುವ ಯಂತ್ರದ ಬಳಿ. ಬಿಡುವಿನಲ್ಲಿ ಅವರು ಒದ್ದೆ ಬೆರಳಿನಿಂದ ಸ್ಟೀಲ್ ಮೇಜಿನ ಮೇಲೆ ತಮ್ಮ ಚೀನೀ ಅಕ್ಷರ ಬರೆಯುತ್ತಿದ್ದರು. ಅದು ಆರುವ ತನಕ ಅವಳು ನೋಡುತ್ತ ನಿಲ್ಲುತ್ತಿದ್ದಳು.

ಅವರು ಭಾನುವಾರ ಈ ಬರಹ ಕಲಿಸುತ್ತಾರೆಂದು ತಿಳಿದು ಹೋದ ಮೊದಲ ದಿನ, ತನ್ನೂರು ವಿಜಯಪುರದ ರೂಢಿಯಂತೆ ಬಗ್ಗಿ ಕಾಲು ಮುಟ್ಟಿದಳು. ಕ್ಲಾಸಿನವರೆಲ್ಲ ತಿರುಗಿ ನೋಡಿದರು. ಲಿನ್ ಹಿಂದೆ ಸರಿದರು. ಅವರಲ್ಲಿ ಗುರುವಿನ ಮುಂದೆ ಹಾಗೆ ಬಾಗುವುದೆಂದರೆ ಜೀವಮಾನದ ಶಿಷ್ಯತ್ವ ಬೇಡಿದಂತೆ; ಗುರು ಆ ಶಿಷ್ಯನ ಕೈಯ ಚಹಾ ಕುಡಿದರೆ ಒಪ್ಪಿದಂತೆ. ಇದು ಅವಳಿಗೆ ತಿಳಿದದ್ದು ಬಹಳ ತಡವಾಗಿ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವಳೂ ಕೇಳಲಿಲ್ಲ. ಅಲ್ಲ ಎಂದುಬಿಟ್ಟರೆ ಮುಂದಿನ ಭಾನುವಾರ ಯಾವ ಮುಖ ಹೊತ್ತು ಹೋಗುವುದು?

* * *

ಹಿರಿಯ ಶಿಷ್ಯ ಫಾಂಗ್ ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಬಂದರು. ಖಾಲಿ ಪಟ್ಟಿಯನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದರು, "ಮಾಸ್ತರರು ನಿಮ್ಮ ಕೈಯ ಚಹಾ ಕುಡಿದಿದ್ದರೇ?"

ಹೌದೆಂದಿದ್ದರೆ ಇಲ್ಲವೆನ್ನುವವರು ಯಾರೂ ಇರಲಿಲ್ಲ. ರತ್ನವ್ವ ಪೆಟ್ಟಿಗೆಯ ಕಡೆ ನೋಡಿದಳು.

"ಇಲ್ಲ."

"ಹಾಗಾದರೆ ಶ್ವೇಶಂಗ್ ಎಂದೇ ಬರೆಯಿರಿ. ಇನ್ನೊಂದು ನಾವಾಗಿ ತೆಗೆದುಕೊಳ್ಳುವ ಪದವಲ್ಲ. ಇದರಲ್ಲಿ ಅವಮಾನವೇನಿಲ್ಲ."

ಅವಳು ತಲೆಯಾಡಿಸಿ ಕುಂಚ ಎತ್ತಿಕೊಂಡಳು. ಹೊರಟಿದ್ದ ಫಾಂಗ್ ಸೌಜನ್ಯಕ್ಕೆಂಬಂತೆ ಕೇಳಿದರು, "ಯಾವ ಯಾವ ಪದ್ಯ ಬರೆಯಲು ಕಲಿತಿರಿ?"

"ಒಂದೂ ಇಲ್ಲ. ಬಂದವರಿಗೆಲ್ಲ ಮೊದಲ ವಾರವೇ ಪದ್ಯ ಕೊಡುತ್ತಿದ್ದರು. ನನಗೆ ಮಾತ್ರ ಬರಿ ಅಡ್ಡಗೆರೆ. ಇಡೀ ಚಳಿಗಾಲ ಅದನ್ನೇ ಎಳೆಸಿದರು, ಆಮೇಲೂ ಬಿಡಿ ಅಕ್ಷರಗಳಷ್ಟೇ. ನನ್ನ ಕೈ ಅಷ್ಟು ಒರಟು."

ಫಾಂಗ್ ನಿಂತರು.

"ಆಗ ಮಸಿ ತೇಯುತ್ತಿದ್ದವರು ಯಾರು?"

"ಅವರೇ. ಬೇಡವೆಂದರೂ ಕೇಳುತ್ತಿರಲಿಲ್ಲ."

ಫಾಂಗ್ ಮರಳಿ ಅವಳ ಬಳಿ ಬಂದರು. "ನನಗೆ ಎರಡು ಚಳಿಗಾಲ," ಅಂದರು. "ಅವರು ದಿಜ಼ಿ ಎಂದು ಕರೆದ ಉಳಿದಿಬ್ಬರಿಗೂ ಅಷ್ಟೇ, ಬರಿ ಗೆರೆ; ಮಸಿ ತೇಯುವವರು ಮಾತ್ರ ಅವರೇ. ಬೇರೆ ಯಾರಿಗೂ ಹಾಗೆ ಮಾಡಿದ್ದಿಲ್ಲ."

ಪೆಟ್ಟಿಗೆ ಮುಚ್ಚುವ ಹೊತ್ತಾಯಿತೆಂದು ಯಾರೋ ಕರೆದರು. ರತ್ನವ್ವ ಕುಂಚ ಅದ್ದಿ ಬಾಗಿದಳು. ನುಣುಪು ರೇಷ್ಮೆ ನಿಲ್ಲದೆ ಜಾರುತ್ತಿತ್ತು. ಫಾಂಗ್ ಕೋಟಿನ ತೋಳು ಮಡಚಿ, ಅವಳ ಮುಂದೆ ಮೊಣಕಾಲೂರಿ, ಪಟ್ಟಿಯ ಕೆಳತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು. ದಿಜ಼ಿಯ ಎರಡನೆಯ ಅಕ್ಷರ ಮೂಡುವಾಗ ಹೆಚ್ಚಾದ ಮಸಿ ಕೆಳಗೆ ಹರಿದು ಅವರ ಹೆಬ್ಬೆರಳನ್ನು ಮುಟ್ಟಿತು. ಅವರು ಕೈ ತೆಗೆಯಲಿಲ್ಲ.